ನಿಧಾನಿ ಮೇಸ್ತ್ರಿ ಬಿಗಿ ಮಾಡಿದ ಕೇಬಲ್

ನಮ್ಮ ಬೀದಿಯ ತುದಿಯಲ್ಲಿ, ಹೊಲಿಗೆ ಅಂಗಡಿಗೂ ಬಹುಕಾಲದಿಂದ ಮುಚ್ಚಿರುವ ಒಂದು ಗೋದಾಮಿಗೂ ನಡುವೆ, ಎರಡು ಕಾರುಗಳು ಮೈಗೆ ಮೈ ತಾಗಿಸಿ ನಿಲ್ಲಬಹುದಾದಷ್ಟು ಜಾಗದಲ್ಲಿ ಒಂದು ಗ್ಯಾರೇಜು ಇದೆ. ೨೦೦೪ನೆಯ ಇಸವಿ ಜುಲೈ ೧ರ ಗುರುವಾರ ಅದರ ಬಾಗಿಲು ತೆರೆಯಿತು. ಒಡೆಯರನ್ನು ಎಲ್ಲರೂ ನಿಧಾನಿ ಮೇಸ್ತ್ರಿ ಎಂದೇ ಕರೆಯುತ್ತಾರೆ. ಆ ಹೆಸರನ್ನಿಟ್ಟವಳು ಪಕ್ಕದ ಹೊಲಿಗೆ ಅಂಗಡಿಯಾಕೆ.

“ಇವರ ಹತ್ರ ಗಾಡಿ ಬಿಟ್ರೆ ವಾಪಸ್ ತರೋಕೆ ಮೊಮ್ಮಕ್ಕಳನ್ನ ಕಳಿಸ್ಬೇಕು” ಎಂದು ಆಕೆ ಯಂತ್ರ ತುಳಿಯುತ್ತಲೇ ಹೇಳುತ್ತಾಳೆ.

“ನೀವು ಹೊಲಿದ ಅಂಗಿ ಆ ಮೊಮ್ಮಕ್ಕಳಿಗೇ ಸರಿಹೋಗತ್ತೆ ಬಿಡಿ, ಅಕ್ಕ” ಎಂದು ಕಾರಿನ ಅಡಿಯಿಂದ ಉತ್ತರ ಬರುತ್ತದೆ.

ಗ್ಯಾರೇಜು ತೆರೆಯುವ ಮೊದಲು ಮೇಸ್ತ್ರಿ ಹನ್ನೊಂದು ವರ್ಷ ಬಸ್ ಡಿಪೋದಲ್ಲಿ ಕೆಲಸ ಮಾಡಿದ್ದರು. ಅವರ ತಂದೆ ಇಪ್ಪತ್ತೆರಡು ವರ್ಷ ಸರಕು ಲಾರಿ ಓಡಿಸಿದವರು. ಆ ಲಾರಿಯ ಕ್ಲಚ್ ಕಲ್ಲಿನಂತೆ ಗಟ್ಟಿ. ತುಳಿದು ತುಳಿದು ಎಡಮಂಡಿ ಸವೆದುಹೋಗಿ, ಕೊನೆಗಾಲದಲ್ಲಿ ಆ ಮನುಷ್ಯ ಮನೆಯ ಮೆಟ್ಟಿಲುಗಳನ್ನು ಕುಳಿತುಕೊಂಡೇ, ಒಂದೊಂದಾಗಿ ಹತ್ತುತ್ತಿದ್ದರಂತೆ. ಅದನ್ನು ನೋಡುತ್ತ ಬೆಳೆದ ಮಗನಿಗೆ ಒಂದು ಪದ್ಧತಿ ಅಂಟಿಕೊಂಡಿತು. ಯಾವ ಕಾರು ಬಂದರೂ ಮೊದಲು ಅದರ ಒಡೆಯನನ್ನು ಚಾಲಕನ ಸೀಟಿನಲ್ಲಿ ಕೂರಿಸಿ ಕ್ಲಚ್ ತುಳಿಸುತ್ತಾರೆ. ತಾವು ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಪೆಡಲನ್ನು ಬಿಟ್ಟು ಒಡೆಯನ ಕಾಲನ್ನೇ ನೋಡುತ್ತಾರೆ. ಈ ಪದ್ಧತಿಯಿಂದ ನನಗಾದ ತೊಂದರೆಯನ್ನೂ, ಆ ತೊಂದರೆಯಿಂದ ದೊರೆತ ಉಪಕಾರವನ್ನೂ ಬರೆದಿಡುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

೨೦೧೮ರ ನವೆಂಬರ್ ೪ರ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಆದರೆ ಬಲಗೈ ಸೋತಿತು, ಮಾತು ನಿಂತಿತು. ನಲವತ್ತೊಂದು ವರ್ಷ ನನ್ನ ಪ್ರತಿ ವಾಕ್ಯಕ್ಕೂ ಒಂದು ತಿದ್ದುಪಡಿ ಸೂಚಿಸುತ್ತಿದ್ದವಳು “ಹೂಂ”, “ಉಹೂಂ” ಎಂಬೆರಡರಲ್ಲೇ ದಿನ ಕಳೆಯುವಂತಾಯಿತು. ಮೊದಲ ಆರು ತಿಂಗಳ ಅಭ್ಯಾಸವೇ ಮುಖ್ಯ, ಆಮೇಲೆ ಹಿಂದಿರುಗುವ ಮಾತು ಕಡಿಮೆ ಎಂದು ವೈದ್ಯರು ಹೇಳಿದರು. ಮಾತಿನ ಅಭ್ಯಾಸ ಕಲಿಸುವ ಕೇಂದ್ರ ಇರುವುದು ಊರಾಚೆಯ ಗುಡ್ಡದ ಮೇಲೆ. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆಗೆ ಹಾಜರಿರಬೇಕು. ಸತತವಾಗಿ ಮೂರು ಸಲ ತಪ್ಪಿಸಿದರೆ ಕಾಯುತ್ತಿರುವ ಮತ್ತೊಬ್ಬರಿಗೆ ಆ ಜಾಗ ಹೋಗುತ್ತದೆ. ಬಸ್ಸು ಹತ್ತುವುದು ಅವಳಿಂದಾಗದು. ಆದ್ದರಿಂದ ಅವಳ ಮಾತು ನಮ್ಮ ಹದಿನಾರು ವರ್ಷದ ಹಳೆಯ ಕಾರನ್ನು ನಂಬಿಕೊಂಡಿತ್ತು.

ಜನವರಿ ಕೊನೆಗೆ ಕ್ಲಚ್ ಕೈಕೊಟ್ಟಿತು. ೩೧ರ ಗುರುವಾರ ಮಧ್ಯಾಹ್ನ ಕಾರನ್ನು ನಿಧಾನಿ ಮೇಸ್ತ್ರಿಗೆ ಒಪ್ಪಿಸಿದೆ. ಪದ್ಧತಿಯಂತೆ ನನ್ನನ್ನು ಕೂರಿಸಿ ತುಳಿಸಿದರು. ನಾಲ್ಕನೆಯ ಸಲ ತುಳಿಯುವಾಗ ನನ್ನ ಮುಖ ಹಿಂಡಿದ್ದು ಅವರ ಕಣ್ಣಿಗೆ ಬಿತ್ತು; ಮಂಡಿ ನೋವು ಎಷ್ಟು ದಿನದಿಂದ ಎಂದು ಕೇಳಿದರು. ಹಿಂದಿನ ವರ್ಷದ ಮಾರ್ಚಿನಿಂದ ಎಂದೆ. ಹೆಂಡತಿಯ ಅಭ್ಯಾಸದ ವಿಷಯವನ್ನೂ ತಿಳಿಸಿದೆ. ಒಂದು ದಿನವೂ ಅಭ್ಯಾಸ ತಪ್ಪಬಾರದೆಂದು ಶುಕ್ರವಾರ ಬೆಳಿಗ್ಗೆ ತಮ್ಮ ಪರಿಚಯದವರ ಕಾರನ್ನು ಕಳಿಸಿದರು. ತಮ್ಮ ಇಡೀ ವೃತ್ತಿಯಲ್ಲಿ ಮೊದಲ ಬಾರಿಗೆ ಆತುರ ಮಾಡಿ, ಶನಿವಾರ ಫೆಬ್ರುವರಿ ೨ರ ಸಂಜೆ, ಹೊಸ ಕ್ಲಚ್ ಪ್ಲೇಟು ಹಾಕಿದ ಕಾರನ್ನು ಮನೆಬಾಗಿಲಿಗೇ ತಂದು ನಿಲ್ಲಿಸಿದರು. ಪೆಡಲು ಬೆಣ್ಣೆಯಂತಿತ್ತು. ಅರ್ಧ ತುಳಿದರೆ ಸಾಕು, ಗೇರು ಬೀಳುತ್ತಿತ್ತು.

ಆ ಸುಖ ಹದಿನಾರು ದಿನ ಬಾಳಿತು. ಫೆಬ್ರುವರಿ ೧೮ರ ಸೋಮವಾರ, ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ, ಗುಡ್ಡದ ಎರಡನೆಯ ತಿರುವಿನಲ್ಲಿ ಎಂಜಿನ್ ಕೂಗತೊಡಗಿತು. ಕೂಗಿದಷ್ಟೂ ಕಾರು ಏರಲಿಲ್ಲ. ಸುಟ್ಟ ವಾಸನೆ ಒಳಗೆ ತುಂಬಿತು. ಹಿಂದಿನ ಸೀಟಿನಲ್ಲಿ ಹೆಂಡತಿ ಎಡಗೈಯಿಂದ ಮೂಗು ಮುಚ್ಚಿಕೊಂಡಳು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಗಡಿಯಾರ ನೋಡುತ್ತ ಕುಳಿತೆ. ಹತ್ತು ಗಂಟೆ ಕಣ್ಣೆದುರೇ ಕಳೆದುಹೋಯಿತು. ಒಂದು ಹಾಜರಿ ತಪ್ಪಿತು.

ಸುದ್ದಿ ತಿಳಿದ ನನ್ನ ತಮ್ಮ ಫೋನಿನಲ್ಲಿ ಕೊಟ್ಟ ತೀರ್ಪು ಇದು: “ಅಣ್ಣ, ಸಣ್ಣ ಗ್ಯಾರೇಜಿಗೆ ಕೊಟ್ಟಿದ್ದೇ ತಪ್ಪು. ಅವನು ಹಳೇ ಪ್ಲೇಟನ್ನೇ ಒರೆಸಿ ಹಾಕಿರ್ತಾನೆ.” ನಾನು ಅದನ್ನು ನಂಬಿದೆ. ನಂಬಿದ್ದಕ್ಕೆ ಇಂದಿಗೂ ನಾಚಿಕೆಯಿದೆ. ಕಾರನ್ನು ಎಳೆಸಿಕೊಂಡು ಗ್ಯಾರೇಜು ತಲುಪುವಷ್ಟರಲ್ಲಿ ಬಯ್ಯಬೇಕಾದ ವಾಕ್ಯಗಳನ್ನು ಕರ್ತೃ, ಕರ್ಮ, ಕ್ರಿಯಾಪದ ಸಹಿತ ಜೋಡಿಸಿಟ್ಟುಕೊಂಡಿದ್ದೆ.

ಒಂದನ್ನೂ ಆಡಲಾಗಲಿಲ್ಲ. ಮೇಸ್ತ್ರಿ ಪೆಡಲನ್ನು ಕೈಯಿಂದ ಒಮ್ಮೆ ಒತ್ತಿದರು. ಕಾರಿನ ಅಡಿಗೆ ಹೋಗಿ, ಕೇಬಲ್ ಮುಟ್ಟಿ, ಎದ್ದು ಬಂದರು. ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ನಿಂತವರ ಮುಖ ಬಿಳಿಚಿಕೊಂಡಿತ್ತು.

“ತಪ್ಪು ಪ್ಲೇಟಿಂದಲ್ಲ, ಸರ್. ನಂದು.”

ಆಮೇಲೆ ಅವರು ವಿವರಿಸಿದ್ದನ್ನು ನಾನು ತಿಳಿದುಕೊಂಡಂತೆ ಹೇಳುತ್ತೇನೆ. ಪೆಡಲನ್ನು ಒತ್ತಲಾರಂಭಿಸಿದಾಗ ಮೊದಲ ಒಂದು ಅಂಗುಲದಷ್ಟು ಏನೂ ಆಗಬಾರದು; ಕಾಲು ಸುಮ್ಮನೆ ಕೆಳಗಿಳಿಯಬೇಕು. ಗ್ಯಾರೇಜಿನವರು ಇದನ್ನು ಪ್ಲೇ ಎನ್ನುತ್ತಾರೆ. ನನ್ನ ಮಂಡಿಗೆ ಶ್ರಮ ಕಡಿಮೆಯಾಗಲೆಂದು ಮೇಸ್ತ್ರಿ ಕೇಬಲನ್ನು ಬಿಗಿ ಮಾಡಿ ಆ ಅಂಗುಲವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಟ್ಟಿದ್ದರು. ಹೊಸ ಪ್ಲೇಟು ಓಡಾಟಕ್ಕೆ ಹೊಂದಿಕೊಳ್ಳುತ್ತ ಕೊಂಚ ಸವೆಯುವುದು ಸಹಜ. ಸವೆದಂತೆ ಉಳಿದಿದ್ದ ಕೂದಲೆಳೆಯಷ್ಟು ಪ್ಲೇಯೂ ಹೋಯಿತು. ಅಲ್ಲಿಂದಾಚೆಗೆ ನಾನು ಕಾಲು ಪೂರ್ತಿ ತೆಗೆದರೂ, ಯಾರೋ ಸದಾ ಕ್ಲಚ್ ತುಳಿದುಕೊಂಡೇ ಇದ್ದಂತೆ ಕಾರು ಓಡುತ್ತಿತ್ತು. ಸಮತಟ್ಟಾದ ರಸ್ತೆಯಲ್ಲಿ ತಿಳಿಯಲಿಲ್ಲ. ಗುಡ್ಡದಲ್ಲಿ ಪ್ಲೇಟು ಜಾರಿ ಸುಟ್ಟಿತು.

“ಹತ್ತು ದಿನ ಬಿಟ್ಟು ಕರೆಸಿ ಸಡಿಲ ಮಾಡೋಣ ಅಂತಿದ್ದೆ. ಮರೆತೆ” ಎಂದರು. “ನಿಮ್ಮ ಕಾಲು ನೋಡ್ದೆ ಸರ್. ಅಮ್ಮ ಹತ್ಬೇಕಾದ ಗುಡ್ಡ ನೋಡ್ಲಿಲ್ಲ.”

ಮುಚ್ಚಿಡುವುದು ಅವರಿಗೆ ಎಷ್ಟು ಸುಲಭವಿತ್ತು. ಕಂಪನಿಯ ಪ್ಲೇಟೇ ಸರಿಯಿರಲಿಲ್ಲ ಎಂದಿದ್ದರೆ ನಾನು ತಲೆಯಾಡಿಸಿ ಬರುತ್ತಿದ್ದೆ. ಅಮ್ಮನ ಮುಂದಿನ ಹಾಜರಿ ಯಾವಾಗ ಎಂದಷ್ಟೇ ಮೇಸ್ತ್ರಿ ಕೇಳಿದರು. ಬುಧವಾರ ಎಂದೆ. ಬೇರೆ ಪ್ಲೇಟು ಬರಲು ವಾರ ಹಿಡಿಯುವುದೆಂದೂ, ಅಲ್ಲಿಯವರೆಗೆ ತಮ್ಮ ವ್ಯಾನಿದೆಯೆಂದೂ ಹೇಳಿದರು.

ಆ ವ್ಯಾನು ಬಿಡಿಭಾಗ ಸಾಗಿಸುವ ಎತ್ತರದ ಗಾಡಿ. ಬುಧವಾರ ೨೦ರ ಬೆಳಿಗ್ಗೆ ಒಂಬತ್ತಕ್ಕೆ ಅದು ಬಂದು ನಿಂತಾಗ, ಸೀಟಿಗೆ ಹೊಲಿಗೆ ಅಂಗಡಿಯಾಕೆ ಹೊಲಿದುಕೊಟ್ಟ ದಿಂಬಿತ್ತು. ಬಾಗಿಲ ಕೆಳಗೆ ಇಡಲು ಹಲಗೆ ಬಡಿದು ಮಾಡಿದ ಮೆಟ್ಟಿಲಿತ್ತು. ಮೆಟ್ಟಿಲಿನ ಎತ್ತರ ನನ್ನ ಹೆಂಡತಿಯ ಹೆಜ್ಜೆಗೆ ಅಳೆದಂತಿತ್ತು. ಬುಧವಾರ, ಶುಕ್ರವಾರ, ಮತ್ತೆ ಸೋಮವಾರ ೨೫, ಮೂರು ದಿನವೂ ಮೇಸ್ತ್ರಿಯೇ ವ್ಯಾನು ಓಡಿಸಿದರು; ಗ್ಯಾರೇಜಿನ ಬಾಗಿಲು ಹನ್ನೆರಡರವರೆಗೆ ಮುಚ್ಚಿತ್ತು. ಒಂದು ದಿನವೂ ಹತ್ತು ಗಂಟೆ ದಾಟಲಿಲ್ಲ. ಅವಳ ಜಾಗ ಉಳಿಯಿತು.

ಮಂಗಳವಾರ ಪ್ಲೇಟು ಬಂದು, ಅಂದೇ ಕೆಲಸ ಮುಗಿಯಿತು. ಬುಧವಾರ ಫೆಬ್ರುವರಿ ೨೭ರಂದು ನಮ್ಮ ಕಾರಿನಲ್ಲೇ ಹೊರಟೆವು. ನಾನು ಓಡಿಸಿದೆ, ಗುಡ್ಡ ಹತ್ತಿಸಿ ನೋಡದ ಹೊರತು ಕೈಬಿಡುವುದಿಲ್ಲವೆಂದು ಮೇಸ್ತ್ರಿ ಪಕ್ಕದಲ್ಲಿ ಕುಳಿತರು, ಹೆಂಡತಿ ಹಿಂದೆ. ಪೆಡಲಿಗೆ ಪ್ಲೇ ಬಂದಿತ್ತು. ನನ್ನ ಸೀಟನ್ನು ಅದರ ಹಳಿಯ ಮೇಲೆ ಎರಡು ಹಲ್ಲು ಮುಂದಕ್ಕೆ ಸರಿಸಿ, ಬೆನ್ನಿಗೆ ವ್ಯಾನಿನ ದಿಂಬನ್ನೇ ಕೊಟ್ಟಿದ್ದರು. ಮಂಡಿ ಅಷ್ಟಾಗಿ ನೋಯಲಿಲ್ಲ.

ಎರಡನೆಯ ತಿರುವು ಬಂತು. ಹೆದರಿಕೆಯಾದರೆ ನನಗೆ ಮಾತು ಹೆಚ್ಚು. ೧೮ನೆಯ ತಾರೀಖು ಒಂಬತ್ತು ನಲವತ್ತೆರಡಕ್ಕೆ ಇದೇ ಕಲ್ಲಿನ ಬಳಿ ಎಂಜಿನ್ ಯಾವ ರೀತಿ ಕೂಗಿತು, ಆಗ ಯಾವ ಗೇರಿತ್ತು, ಅದಕ್ಕೂ ಹಿಂದಿನ ಶುಕ್ರವಾರ ಏನಾಗಿತ್ತು ಎಂದು ಮೇಸ್ತ್ರಿಗೆ ಒಂದೇ ಸಮನೆ ವರದಿ ಒಪ್ಪಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ಓರೆ ಮಾಡಿ ಕುಳಿತಿದ್ದರು.

“ಸುಮ್ನಿರಿ” ಎಂಬ ಮಾತು ಹಿಂದಿನಿಂದ ಬಂತು. ಸ್ವಲ್ಪ ತಡೆದು, ಒಂದೊಂದೇ ಅಕ್ಷರವನ್ನು ಎತ್ತಿಟ್ಟಂತೆ, “ಅವರು... ಕೇಳ್ತಿದಾರೆ.”

ಹೌದು; ಮೇಸ್ತ್ರಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಅದನ್ನು ಅವಳು ಗಮನಿಸಿದ್ದಳು, ನಾನು ಗಮನಿಸಿರಲಿಲ್ಲ. ನೂರ ಹದಿನೈದು ದಿನಗಳ ಬಳಿಕ ನನ್ನ ಹೆಂಡತಿ ಪೂರ್ತಿ ಮಾತಾಡಿದ್ದಳು, ಅದೂ ನನ್ನ ಬಾಯಿ ಮುಚ್ಚಿಸಲಿಕ್ಕೆ. ರಸ್ತೆ ಮಂಜುಮಂಜಾಗಿ ಕಂಡಿತು. ನನಗೆ ತಿಳಿಯದೆಯೇ ಬ್ರೇಕಿನತ್ತ ಕಾಲು ಹೋಯಿತು.

“ನಿಲ್ಲಿಸ್ಬೇಡಿ ಸರ್” ಎಂದರು ಮೇಸ್ತ್ರಿ. ಅವರ ಕಣ್ಣಿನ್ನೂ ಮುಚ್ಚಿಯೇ ಇತ್ತು, ಅಂಚು ಮಾತ್ರ ಒದ್ದೆಯಾಗಿತ್ತು. “ಅಮ್ಮ ಹೇಳಿದ್ರಲ್ಲ. ಸುಮ್ನೆ ಹತ್ಸಿ.”

ಒಂಬತ್ತು ಐವತ್ತೊಂದಕ್ಕೆ ಗುಡ್ಡದ ಮೇಲಿದ್ದೆವು. ಉಳಿದ ದಾರಿಯುದ್ದಕ್ಕೂ ನಾನು ಒಂದು ಮಾತೂ ಆಡಲಿಲ್ಲ.