ಬಾಗಿಲು ಹಾಕಿ ಕೇಳುವ ಹಾಡು

ನಮ್ಮ ಕ್ಯಾಸೆಟ್ ಮಾಮನ ಬಲಗೈ ಕಿರುಬೆರಳು ತುದಿಯಲ್ಲಿ ಸ್ವಲ್ಪ ಸೊಟ್ಟ. ಸಡಿಲವಾದ ಟೇಪ್ ಸುತ್ತಲು ಅದನ್ನೇ ಕ್ಯಾಸೆಟ್ಟಿನ ಚಕ್ರದೊಳಗೆ ತೂರಿಸಿ ತಿರುಗಿಸುತ್ತಿದ್ದರು. ಚಿಂತಾಮಣಿಯಲ್ಲಿ ನಮ್ಮ ಪಕ್ಕದ ಮನೆಯವರು. ಮದುವೆ, ಭಜನೆ ಎಲ್ಲಿದ್ದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಹಾಡು ಹಿಡಿದು ತರುವುದು ಅವರ ಕಸುಬು. ಎರಡು ಸಾವಿರದ ಇಸವಿ ದಾಟಿ ಊರೆಲ್ಲ ಸಿಡಿ ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆಯಾದರು.

ಅವರದೊಂದು ಪದ್ಧತಿ. ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಯಾರೂ ಹಾಡುವಂತಿಲ್ಲ. "ಮೊದ್ಲು ಮನೆ ಮಾತಾಡ್ಲಿ, ಆಮೇಲೆ ನೀವು" ಎನ್ನುತ್ತಿದ್ದರು. ಹಾಗಾಗಿ ಅವರ ಕ್ಯಾಸೆಟ್ಟುಗಳೆಲ್ಲ ಕೆಮ್ಮು, ಬಳೆ, ಪಾತ್ರೆಗಳ ಸದ್ದಿನಿಂದಲೇ ಶುರು. ಕಾಲೇಜಿಗೆ ಹೋಗುತ್ತಿದ್ದ ನಾನು ಸಿಡಿಯ ಪಕ್ಷ. "ಏನಮ್ಮಾ ಸಿಡಿ ಪಾರ್ಟಿ, ನಿನ್ನ ಕಂಪ್ಯೂಟರ್‌ಗೆ ಹಾಡು ಮಾತ್ರ ಬೇಕು, ಹಾಡಿದ ಮನೆ ಬೇಡ" ಎಂದು ಕಿಚಾಯಿಸುತ್ತಿದ್ದರು.

ತೀರಿಕೊಂಡ ಹೆಂಡತಿಯ ದನಿ ಅವರ ಬಳಿ ಉಳಿದಿದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಕೆಂಚಾರ್ಲಹಳ್ಳಿಯ ತವರಿನಲ್ಲಿ ಹಾಡಿದ ತೆಲುಗು ತತ್ವಪದ. ಹಾಡಿಗೆ ಮೊದಲು, ರೇಷ್ಮೆಹುಳುಗಳು ಸೊಪ್ಪು ಮೇಯುವ ಸರಸರ ಸದ್ದಿನ ನಡುವೆ, ಆಕೆ ಗಂಡನಿಗೆ ಹೇಳುತ್ತಾರೆ: "ರೀ, ಬಾಗಿಲು ಹಾಕ್ರೀ, ಹುಳಕ್ಕೆ ಗಾಳಿ ಬಡೀತೈತೆ." ಮಾಮ ಹಾಡಿಗಿಂತ ಹೆಚ್ಚಾಗಿ ಕೇಳುತ್ತಿದ್ದದ್ದು ಆ ಮಾತನ್ನೇ. ಕಾಪಿ ಮಾಡಿದರೆ ದನಿ ತೆಳುವಾಗುತ್ತದೆಂದು ಕಾಪಿಯನ್ನೂ ಮಾಡಿರಲಿಲ್ಲ. ಕೇಳಿ ಕೇಳಿ ಟೇಪ್ ಸವೆಯಿತು, ಬೂಷ್ಟು ಹಿಡಿಯಿತು. ಬೇರೆ ದಾರಿ ಕಾಣದೆ, ನನ್ನನ್ನೂ ಕರೆದುಕೊಂಡು ಚಿಕ್ಕಬಳ್ಳಾಪುರದ ಸ್ಟುಡಿಯೋವೊಂದಕ್ಕೆ ಸಿಡಿಗೆ ಇಳಿಸಲು ಕೊಟ್ಟುಬಂದರು. ಆ ಮಾತನ್ನು ಉಳಿಸು ಎಂದು ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಅದನ್ನೂ ಯಾರಾದರೂ ತೆಗೆದುಹಾಕುತ್ತಾರೆಯೇ?

ವಾರ ಬಿಟ್ಟು ಹೋದಾಗ ಸ್ಟುಡಿಯೋದಾತ ಹೆಮ್ಮೆಯಿಂದ ಸಿಡಿ ಹಾಕಿದ. ಹಾಡು ನೇರವಾಗಿ ಶುರುವಾಯಿತು. ಎಷ್ಟು ತಿಳಿಯಾದ ದನಿ! ಹುಳುಗಳಿಲ್ಲ, ಬಾಗಿಲಿಲ್ಲ.

"ಮೊದ್ಲು ಒಂದು ಮಾತಿತ್ತಲ್ಲಪ್ಪಾ?" ಎಂದರು ಮಾಮ.

"ಅದು ಬರೀ ಗಲಾಟೆ ಸಾರ್, ಕಟ್ ಮಾಡಿ ಕ್ಲೀನ್ ಮಾಡಿದೀನಿ."

"ಹಂಗಾದ್ರೆ ಕ್ಯಾಸೆಟ್ ಕೊಡು."

ಅವನ ಮುಖ ಸಣ್ಣಗಾಯಿತು. "ಒಂದ್ಸಲ ಓಡೋಷ್ಟರಲ್ಲೇ ಟೇಪು ತುಂಡುತುಂಡಾಗೋಯ್ತು ಸಾರ್. ಕಟ್ ಮಾಡಿದ್ದೂ ಇಟ್ಕೊಂಡಿಲ್ಲ."

ನನಗೆ ಕೂಗಾಡಬೇಕೆನಿಸಿತು. ಆದರೆ ಪಾಪ, ಅವನು ಒಳ್ಳೆಯದು ಮಾಡಲೆಂದೇ ಹೋಗಿದ್ದ. ಯಾರನ್ನು ಬೈಯುವುದು? "ಪೋನೀಲೇಮ್ಮಾ, ಹೋಗ್ಲಿ ಬಿಡು" ಎಂದು ಮಾಮ ನನಗೇ ಸಮಾಧಾನ ಹೇಳಿದರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವನು ಹಿಂದಿರುಗಿಸಿದ, ಟೇಪಿಲ್ಲದ ಆ ಕ್ಯಾಸೆಟ್ಟಿನೊಳಗೆ ಸೊಟ್ಟ ಬೆರಳನ್ನು ತಿರುಗಿಸುತ್ತಲೇ ಇದ್ದರು.

ಆಮೇಲೆ ಸಿಡಿ ಕೇಳುವಾಗಲೆಲ್ಲ ಮೊದಲು ಎದ್ದು ಬಾಗಿಲು ಹಾಕುತ್ತಿದ್ದರು. "ಹಾಕಿದೀನಿ ಕಣೇ" ಎಂದ ಮೇಲೆಯೇ ಗುಂಡಿ ಒತ್ತುತ್ತಿದ್ದರು. ಗೋಡೆಯಾಚೆ ನನಗೆಲ್ಲ ಕೇಳಿಸುತ್ತಿತ್ತು. ನನ್ನಿಂದ ಏನು ಮಾಡಲಾಗುತ್ತಿತ್ತು?

ಅವರು ತೀರಿಕೊಂಡ ದಿನ ನೆಂಟರೊಬ್ಬರು ಆ ಸಿಡಿ ಹಾಕಲು ಹೋದರು. ನಾನು ತಟ್ಟನೆ ಎದ್ದು ಬಾಗಿಲ ಬಳಿ ಓಡಿದೆ. "ಸಾವಾದ ಮನೆ ಬಾಗ್ಲು ಹಾಕ್ಬಾರ್ದು ಕಣಮ್ಮ" ಎಂದು ಅಜ್ಜಿಯೊಬ್ಬರು ನನ್ನ ಕೈ ಹಿಡಿದರು. ಅಷ್ಟರಲ್ಲಿ ಹಾಡು ಶುರುವಾಗಿಬಿಟ್ಟಿತ್ತು.