ಚಿತ್ರದೋಲೆಯ ಅಕ್ಕ

ನಾನು ಮದುವೆಯಾಗಿ ಸಾಲಿಗ್ರಾಮಕ್ಕೆ ಬಂದಾಗ ಪಕ್ಕದ ಮನೆಯಲ್ಲಿ ಬಸದಿಯ ಪುರೋಹಿತರ ವಿಧವೆ ಒಬ್ಬರೇ ಇದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಏನೇ ಹೇಳುವ ಮೊದಲೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವರು. ಆಮೇಲೆ, "ಆಗಾಕಿಲ್ಲ ಅಂದ್ರೆ ಆಗಾಕಿಲ್ಲ ಕಣಮ್ಮ" ಎನ್ನುವರು.

ಅವರಲ್ಲಿ ಎಷ್ಟೋ ತಲೆಮಾರುಗಳಿಂದ ಬಂದ ಓಲೆಗರಿಯ ಗ್ರಂಥವೊಂದಿತ್ತು. ಅಂಗೈಗಿಂತ ಕಿರಿದಾದ ಗರಿಗಳಲ್ಲಿ, ಅಕ್ಷರಗಳ ನಡುವೆ, ಕೆಂಪು ಬಣ್ಣದ ಹಿನ್ನೆಲೆಯಲ್ಲಿ ಕುಳಿತ ತೀರ್ಥಂಕರರು, ಚಾಮರ ಬೀಸುವ ಹೆಂಗಸರು.

ಪ್ಲೇಗ್ ಬಂದು ಊರೆಲ್ಲ ಹೊಲದ ಗುಡಿಸಲುಗಳಿಗೆ ಹೊರಟಿತು. ಊರ ಹೊರಗೆ ಪ್ಲೇಗ್ ಇನ್ಸ್‌ಪೆಕ್ಟರು ಹಂಡೆಯಲ್ಲಿ ಔಷಧಿ ನೀರು ತುಂಬಿಸಿ, ಎಲ್ಲರ ಗಂಟುಗಳನ್ನೂ ಅದರಲ್ಲಿ ಅದ್ದಿಸುತ್ತಿದ್ದರು.

ಅಕ್ಕನ ಗಂಟಿನಲ್ಲಿದ್ದ ಗ್ರಂಥವನ್ನು ತೋರಿಸಿ ಅವರು, "ಇದನ್ನೂ ಅದ್ದಬೇಕಮ್ಮ" ಎಂದರು.

"ಅದ್ದಿದ್ರೆ ಬಣ್ಣ ಓಯ್ತದೆ ಸ್ವಾಮಿ. ಆಗಾಕಿಲ್ಲ." ಅಕ್ಕ ಗ್ರಂಥಕ್ಕೆ ಸುತ್ತಿದ್ದ ಬಟ್ಟೆಯನ್ನೂ ತಮ್ಮ ಸೀರೆಗಳನ್ನೂ ತಾವೇ ಹಂಡೆಗೆ ಹಾಕಿದರು. "ಗರೀನ ಬಿಸ್ಲಿಗಾಕ್ತೀನಿ. ನೀವೇ ನೋಡ್ಕೊಂಡಿರಿ."

ಇನ್ಸ್‌ಪೆಕ್ಟರು ತುಸು ಯೋಚಿಸಿ, "ಹೊತ್ತು ಮುಳುಗುವವರೆಗೂ ಬಿಸಿಲಲ್ಲಿರಬೇಕು" ಎಂದರು. ಅಕ್ಕ ದಾರ ಬಿಚ್ಚಿ ಗರಿಗಳನ್ನು ಬಂಡೆಯ ಮೇಲೆ ಹರಡಿ, ಸಂಜೆಯವರೆಗೆ ಕದಲದೆ ಕುಳಿತರು.

ಅಷ್ಟರಲ್ಲಿ ಒಳ್ಳೆಯ ಜಾಗಗಳನ್ನೆಲ್ಲ ಬೇರೆಯವರು ಹಿಡಿದಿದ್ದರು. ಅಕ್ಕನ ಗುಡಿಸಲಿಗೆ ಉಳಿದದ್ದು ಜೌಗು ನೆಲ. ಅವರು ಗ್ರಂಥವನ್ನು ತಂದು ನನ್ನ ಕೈಗಿತ್ತರು.

"ಇದು ನಿಮ್ಮ ಗುಡ್ಲಲ್ಲಿರ್ಲಿ."

"ನೀವೂ ಇಲ್ಲೇ ಇರಿ ಅಕ್ಕ."

"ನಿಮ್ಮನೇಲಿ ಮಲಗಾಕೇ ಜಾಗ ಇಲ್ಲ. ನಾನು ನೆಂದ್ರೆ ಒಣಗ್ತೀನಿ. ಇದು ನೆಂದ್ರೆ ಓಯ್ತು ಕಣಮ್ಮ."

ಪ್ಲೇಗ್ ಇಳಿದು ಊರಿಗೆ ಮರಳಿದ ದಿನ ನಾನು ಮರಳಿ ಕೊಟ್ಟ ಗ್ರಂಥವನ್ನು ಅಕ್ಕ ಬಿಚ್ಚಿ ನನ್ನನ್ನು ಕರೆದರು. ತೀರ್ಥಂಕರರ ಹಿಂದಿನ ಕೆಂಪು ಒಂದಿಷ್ಟೂ ಮಾಸಿರಲಿಲ್ಲ.