ಎಣ್ಣೆಸ್ನಾನಕ್ಕೆ ಮೊದಲೊಂದು ಫೋನು

ನರಕ ಚತುರ್ದಶಿಯ ಬೆಳಗ್ಗೆ ನಾಲ್ಕೂವರೆ. ದೇರೆಬೈಲಿನ ಮನೆಗಳಲ್ಲಿ ಹಂಡೆಯ ನೀರು ಕಾಯುತ್ತಿದೆ, ಎಣ್ಣೆಯ ಬಟ್ಟಲು ಬೆಚ್ಚಗಾಗುತ್ತಿದೆ. ಐವತ್ತೆರಡರ ಶಶಿಪ್ರಭಾ ಮಾತ್ರ ಇನ್ನೂ ತಲೆಗೆ ಎಣ್ಣೆ ಮುಟ್ಟಿಸಿಲ್ಲ. ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ನೋಟ್‌ಬುಕ್ಕಿನ ಒಂದೊಂದೇ ಹೆಸರಿಗೆ ಫೋನು ಮಾಡುತ್ತಿದ್ದಾರೆ.

"ತಲೆಗೆ ಹಾಕಿ, ಬೇಡ ಅನ್ನುವುದಿಲ್ಲ. ಆ ಕೈಗೆ ಮಾತ್ರ ಬೇಡ. ಅಮ್ಮನಿಗೆ ಫೋನ್ ಕೊಡಿ, ನಾನು ಹೇಳ್ತೇನೆ."

ನಂತೂರಿನ ಬಳಿ ಸುಜಿತ್ ಅವರ ಟ್ಯಾಟೂ ಅಂಗಡಿಯಿದೆ. ಕೂದಲೆಳೆಯಷ್ಟು ಸಪೂರ ಗೆರೆಯ ಹಚ್ಚೆಗೆ ಅವರ ಕೈ ಹೆಸರುವಾಸಿ. ಹೆಸರು ಅವರದು, ಆ ಗೆರೆ ಮಾಯುವ ತನಕದ ತಲೆಬಿಸಿ ಶಶಿಪ್ರಭಾ ಅವರದು. ಹದಿನಾಲ್ಕು ವರ್ಷ ಕ್ಲಿನಿಕ್ಕೊಂದರಲ್ಲಿ ಗಾಯಗಳಿಗೆ ಬಟ್ಟೆ ಕಟ್ಟಿದವರು, ಅದು ಮುಚ್ಚಿದ ಮೇಲೆ ಗುಡಿಸಿ ಒರೆಸಲೆಂದು ಈ ಅಂಗಡಿಗೆ ಬಂದರು. ಈಗ ಹಚ್ಚೆ ಹಾಕಿಸಿಕೊಂಡವರಿಗೆ ದಿನಕ್ಕೆ ಇಪ್ಪತ್ತು ಫೋನು, ಒಬ್ಬೊಬ್ಬರಿಗೂ ಎರಡು ವಾರ. ವಾಸನೆಯಿಲ್ಲದ ಸಾಬೂನು, ಉಜ್ಜದೆ ಒತ್ತಿ ಒರೆಸುವುದು, ಮುಲಾಮು ತೆಳ್ಳಗೆ, ಬಿಸಿಲು ಬೇಡ, ತುರಿಸಿದರೂ ಕೆರೆಯಬೇಡಿ: ಹೇಳಿದ್ದನ್ನೇ ಹೇಳುವ ಬೇಸರ ಅವರ ದನಿಯಲ್ಲಿಲ್ಲ.

"ದಪ್ಪ ಹಚ್ಚೆ ಹೇಗೋ ತಾಳ್ತದೆ. ಇದು ಸಪೂರ ಮಾರಾಯ್ರೆ, ಒಂದು ಸಿಪ್ಪೆ ಕಿತ್ತರೆ ಗೆರೆ ಅಲ್ಲಿಗೇ ಕಟ್. ಮತ್ತೆ ಬರೆಯಬಹುದು. ಆದ್ರೆ ಮೊದಲಿನ ಸಪೂರ ಉಂಟಲ್ಲ, ಅದು ಬರುವುದಿಲ್ಲ" ಎನ್ನುತ್ತಾರೆ.

ಇಷ್ಟು ತಿಳಿದವರೂ ಒಮ್ಮೆ ಎಡವಿದ್ದಾರೆ. ಮೊದಲ ವರ್ಷ ಎಲ್ಲರಿಗೂ ಸಮುದ್ರಕ್ಕಿಳಿಯಬೇಡಿ, ಈಜುಕೊಳ ಬೇಡ ಎಂದು ತಾಕೀತು ಮಾಡಿದ್ದರು. ಮನೆಯ ಹಂಡೆ ನೆನಪಾಗಲಿಲ್ಲ. ದೀಪಾವಳಿಯ ಸ್ನಾನವನ್ನು ಯಾರಾದರೂ ನೀರಲ್ಲಿ ನೆನೆಯುವ ಲೆಕ್ಕಕ್ಕೆ ಸೇರಿಸುತ್ತಾರೆಯೇ? ಹಬ್ಬ ಕಳೆದು ಬಂದ ಇಬ್ಬರ ಕೈಯಲ್ಲಿ, ಎಣ್ಣೆ ತಿಕ್ಕಿ ಕಡಲೆಹಿಟ್ಟಿನಲ್ಲಿ ಉಜ್ಜಿದ ಗೆರೆ ತುಂಡುತುಂಡಾಗಿತ್ತು. ಅಂದಿನಿಂದ ಪ್ರತಿ ಹಬ್ಬಕ್ಕೂ ಈ ಹೊತ್ತಿಗೆ ಫೋನು.

ಇಂದು ಒಂದು ನಂಬರಿನವರು ಫೋನು ಎತ್ತುತ್ತಿಲ್ಲ. ಬಜಪೆಯ ವಿನಿತಾ, ಹಚ್ಚೆ ಹಾಕಿಸಿ ನಾಲ್ಕೇ ದಿನ. ಅವಳ ಅಜ್ಜಿಯ ಮುಂಗೈಯಲ್ಲಿ ಹದಿನಾಲ್ಕನೇ ವಯಸ್ಸಿಗೆ ಚುಚ್ಚಿಸಿಕೊಂಡ ತುಳಸಿಕಟ್ಟೆಯ ಹಚ್ಚೆಯಿದೆ. ಅರವತ್ತು ವರ್ಷದಲ್ಲಿ ಹರಡಿ ಹಸಿರು ಕಲೆಯಾಗಿದೆ. ಮೊದಲು ಹೇಗಿತ್ತೆಂದು ಅಜ್ಜಿಯನ್ನು ಕೇಳಿ ಕೇಳಿ ವಿನಿತಾ ಅದನ್ನೇ ಸಪೂರ ಗೆರೆಯಲ್ಲಿ ಬರೆಸಿಕೊಂಡಿದ್ದಾಳೆ. ಮೂರನೇ ಸಲವೂ ಫೋನು ಎತ್ತದಿದ್ದಾಗ ಶಶಿಪ್ರಭಾ ಸ್ಕೂಟರಿನ ಕೀ ತೆಗೆದುಕೊಳ್ಳುತ್ತಾರೆ.

ಬಜಪೆ ತಲುಪುವಾಗ ಬಚ್ಚಲ ಬಾಗಿಲಲ್ಲಿ ಅಜ್ಜಿ ಬಟ್ಟಲು ಹಿಡಿದು ನಿಂತಿದ್ದಾರೆ, ಮೊಮ್ಮಗಳು ಮಣೆಯ ಮೇಲಿದ್ದಾಳೆ. ತುಳುವಿನಲ್ಲಿ ಸಣ್ಣದೊಂದು ಜಗಳವೇ ನಡೆಯುತ್ತದೆ. ತನ್ನ ಕೈಗೆ ವರ್ಷವರ್ಷವೂ ಎಣ್ಣೆ ಬಿದ್ದಿದೆ, ಹಚ್ಚೆ ಎಲ್ಲಿಗೂ ಓಡಿಹೋಗಿಲ್ಲ ಎಂದು ಅಜ್ಜಿಯ ವಾದ. ಹಬ್ಬದ ಎಣ್ಣೆ ಬಿಡುವುದು ಅಪಶಕುನ ಬೇರೆ. ಶಶಿಪ್ರಭಾ ಎದುರಾಡುವುದಿಲ್ಲ, ರಾಜಿ ಮಾಡುತ್ತಾರೆ: ಮೈಗೆಲ್ಲ ಎಣ್ಣೆ, ಆ ಒಂದು ಕೈ ಬಚ್ಚಲಿನ ಹೊರಗೆ.

ಹಾಗೇ ಆಗುತ್ತದೆ. ಒಳಗೆ ಅಜ್ಜಿ ನೀರು ಹೊಯ್ಯುತ್ತಿದ್ದರೆ ಹೊರಗೆ ಶಶಿಪ್ರಭಾ ಸ್ಟೂಲಿನ ಮೇಲೆ ಕೂತು, ಬಾಗಿಲ ಸಂದಿಯಿಂದ ಬಂದ ಕೈಯನ್ನು ಒಣ ಬಟ್ಟೆಯ ಮೇಲೆ ಹಿಡಿದಿದ್ದಾರೆ. ಅರ್ಧ ಗಂಟೆ, ಒಂದು ಹನಿಯೂ ಬಿದ್ದಿಲ್ಲ.

ಸ್ನಾನ ಮುಗಿದ ಮೇಲೆ ಅಜ್ಜಿ ದೀಪದ ಬೆಳಕಿಗೆ ಮೊಮ್ಮಗಳ ಕೈ ಹಿಡಿದು, ಪಕ್ಕದಲ್ಲಿ ತನ್ನದನ್ನಿಟ್ಟು ಬಹಳ ಹೊತ್ತು ನೋಡುತ್ತಾರೆ. ತನ್ನದೂ ಮೊದಲು ಹೀಗೇ ಇತ್ತು ಎಂದು ಮೆಲ್ಲನೆ ಹೇಳುತ್ತಾರೆ. ಶಶಿಪ್ರಭಾ ಅವರ ಮುಖ ಅರಳುತ್ತದೆ.

ಹೊರಡಲು ಎದ್ದವರನ್ನು ಅಜ್ಜಿ ಬಿಡುವುದಿಲ್ಲ. ಊರವರ ಎಣ್ಣೆ ತಪ್ಪಿಸಲು ಹೋಗಿ ನಿನ್ನದೇ ತಪ್ಪಿಹೋಯಿತಲ್ಲ ಎಂದು ಗದರಿ, ಅದೇ ಮಣೆಯಲ್ಲಿ ಕೂರಿಸಿ ಉಳಿದ ಎಣ್ಣೆಯನ್ನು ನೆತ್ತಿಗೆ ತಟ್ಟುತ್ತಾರೆ. ಶಶಿಪ್ರಭಾ ಕಣ್ಣು ಮುಚ್ಚಿ, ಎರಡೂ ತೋಳು ಮುಂದೆ ಚಾಚುತ್ತಾರೆ.

"ನನ್ನ ಮೈಯಲ್ಲಿ ಒಂದು ಹಚ್ಚೆಯೂ ಇಲ್ಲ ಅಜ್ಜಿ. ಎಷ್ಟು ಬೇಕಾದ್ರೂ ಹಾಕಿ."